ಎಂಟು ಗೆಣ್ಣಿನ ಗಾಳದ ಕೋಲು

ನಾನೊಂದು ಗಾಳದ ಕೋಲು. ಬಿದಿರಿನದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಒಂದು ಕಾಲದಲ್ಲಿ ಆ ಮಾತು ಕೇಳಿದರೆ ಸಾಕು, ನನಗೆ ಮೂಗಿನ ತುದಿಗೆ ಕೋಪ ಬಂದುಬಿಡುತ್ತಿತ್ತು. ನನ್ನ ಮೈ ಕಾರ್ಬನ್ನಿನದು. ಕಪ್ಪು ಬಣ್ಣ, ಹೊಳಪು, ಹಗುರ. ಎಂಟು ಕೊಳವೆಗಳು, ಅಂದರೆ ನನ್ನ ಎಂಟು ಗೆಣ್ಣುಗಳು, ಒಂದರೊಳಗೊಂದು ಅಡಗಿ ಕೂತಾಗ ನಾನು ಮೂರೂಕಾಲು ಅಡಿ. ಒಂದೊಂದನ್ನೇ ಎಳೆದು ಬಿಗಿ ಮಾಡಿದರೆ ಇಪ್ಪತ್ತನಾಲ್ಕು ಅಡಿ. ದಾರ ಸುತ್ತುವ ರೀಲು ನನಗಿಲ್ಲ. ದಾರ ಹಾಯುವ ಉಂಗುರಗಳೂ ಇಲ್ಲ. ತುದಿಯಲ್ಲಿ ಒಂದು ಕೆಂಪು ನೂಲಿನ ಕುಣಿಕೆಯಿದೆ, ದಾರವನ್ನು ಅದಕ್ಕೇ ಕಟ್ಟುತ್ತಾರೆ. ನಾನೆಷ್ಟು ಉದ್ದವೋ ದಾರವೂ ಹೆಚ್ಚುಕಡಿಮೆ ಅಷ್ಟೇ. ಮೀನು ಕಚ್ಚಿದರೆ ಸುತ್ತಿ ಸುತ್ತಿ ಎಳೆಯುವ ನಾಟಕ ನಮ್ಮಲ್ಲಿಲ್ಲ. ಎತ್ತುತ್ತೇವೆ, ಮುಗಿಯಿತು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಹುಟ್ಟೇ ನನಗೆ ಮೊದಲ ಆಘಾತ. ತೆಳ್ಳಗೆ ಬಟ್ಟೆಯಂತೆ ಹರಡಿಕೊಂಡಿದ್ದವನನ್ನು ಕಬ್ಬಿಣದ ಸರಳಿಗೆ ಸುತ್ತಿ, ಬಿಗಿದು, ದೊಡ್ಡ ಒಲೆಯೊಳಗೆ ತಳ್ಳಿದರು. ಸತ್ತೇ ಹೋದೆ ಅಂದುಕೊಂಡೆ. ಹೊರಗೆ ಬಂದಾಗ ಗಟ್ಟಿಯಾಗಿದ್ದೆ. ಕೊನೆಗೆ ಒಬ್ಬ ಹೆಂಗಸು ನನ್ನ ಬುಡದ ಗೆಣ್ಣಿಗೆ ಒಂದು ಹಳದಿ ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದಳು. ಆ ಚೀಟಿಯಲ್ಲಿ ಒಂದು ಚಿತ್ರ. ಒಬ್ಬ ಮನುಷ್ಯ ಉದ್ದನೆಯ ಕೋಲು ಹಿಡಿದು ನಿಂತಿದ್ದಾನೆ. ಮೇಲೆ ಎರಡು ಗೆರೆ. ಗೆರೆಗೂ ಕೋಲಿಗೂ ನಡುವೆ ಒಂದು ಮಿಂಚು. ಕೆಳಗೆ ಸಾಲಾಗಿ ಅಕ್ಷರಗಳು. ನನಗೆ ಓದಲು ಬರುವುದಿಲ್ಲ. ಮಿಂಚಿನಷ್ಟು ಚುರುಕು ಎಂದು ಮೆಚ್ಚಿ ಕೊಟ್ಟ ಪದಕ ಇದು ಎಂದು ನಾನೇ ತೀರ್ಮಾನಿಸಿಕೊಂಡೆ.

ಆಮೇಲೆ ಹಡಗು, ಲಾರಿ, ಕತ್ತಲೆ. ಬೆಳಕು ಕಂಡಾಗ ಮೈಸೂರಿನ ಒಂದು ಅಂಗಡಿಯ ಗೋಡೆಗೆ ಒರಗಿದ್ದೆ. ಪಕ್ಕದಲ್ಲಿ ರೀಲು ಹೊತ್ತ ಕೋಲುಗಳ ಸಾಲು. ಗಿರಾಕಿಗಳು ಅವುಗಳ ರೀಲನ್ನು ಕಿರ್ರನೆ ತಿರುಗಿಸಿ ನೋಡಿ ಖುಷಿಪಡುತ್ತಿದ್ದರು. ನನ್ನನ್ನು ಎತ್ತಿದವರು, “ಇದಕ್ಕೆ ರೀಲೇ ಇಲ್ವಲ್ರೀ?” ಎಂದು ಕೆಳಗಿಡುತ್ತಿದ್ದರು. ಏನೋ ಅಂಗವೇ ಇಲ್ಲದವನಂತೆ ನನ್ನನ್ನು ನೋಡುತ್ತಿದ್ದರು. ಆ ಅವಮಾನವನ್ನು ನಾನು ಏಳು ತಿಂಗಳು ನುಂಗಿಕೊಂಡೆ.

ನನ್ನನ್ನು ಕೊಂಡವರು ವಿಜಯೇಂದ್ರ ಎಂಬ ಹಲ್ಲಿನ ಡಾಕ್ಟರು. ಭಾನುವಾರಗಳನ್ನು ಹೇಗೆ ಕಳೆಯುವುದೆಂದು ತಿಳಿಯದ ಮನುಷ್ಯ. ಕಾರಿನಲ್ಲಿ ಕೂತು ನನ್ನನ್ನು ಚೀಲದಿಂದ ತೆಗೆದು, ಕನ್ನಡಕ ಏರಿಸಿಕೊಂಡು ನನ್ನ ಹಳದಿ ಚೀಟಿಯನ್ನು ಪೂರ್ತಿ ಓದಿದರು. ನನ್ನ ಎದೆ ಉಬ್ಬಿತು. “ಎಲ್ಲದಕ್ಕೂ ಏನಾದ್ರೂ ಬರೆದು ಹೆದರಿಸ್ತಾರಪ್ಪ,” ಎಂದು ನಕ್ಕು ನನ್ನನ್ನು ಹಿಂದಿನ ಸೀಟಿಗೆ ಎಸೆದರು. ಆ ಮಾತು ನನಗೆ ಅರ್ಥವಾಗಲಿಲ್ಲ. ಹೊಗಳಿಕೆಯೇ ಇರಬೇಕು ಎಂದುಕೊಂಡೆ.

ಅವರು ಬಂದದ್ದು ಮಂಡ್ಯ ಸೀಮೆಯ ಬಿಳಿಗಲ್ಲುಕೆರೆಗೆ. ಅಲ್ಲಿ ಎರೆಹುಳವನ್ನು ಮೊದಲ ಬಾರಿಗೆ ಕಂಡು ಅವರಿಗೂ ನನಗೂ ಒಟ್ಟಿಗೇ ಮೈ ಜುಮ್ಮೆಂದಿತು. ದಿನಾ ಇನ್ನೊಬ್ಬರ ಬಾಯಿಗೆ ಕೈ ಹಾಕುವ ಮನುಷ್ಯ, ಒಂದು ಹುಳ ಮುಟ್ಟಲು ಕಾಗದದ ಕರವಸ್ತ್ರ ಹುಡುಕಿದರು. ಮೂರು ಭಾನುವಾರ ಒಂದೂ ಮೀನು ಬೀಳಲಿಲ್ಲ. ನೀರ ಮೇಲೆ ತೇಲುವ ಬೆಂಡು ಮುಳುಗಿದಾಗ ಅವರು ಫೋನಿನಲ್ಲಿರುತ್ತಿದ್ದರು. ಇದೇ ನನ್ನ ಬಾಳೇ ಎಂದು ನಾನು ಕಂಗಾಲಾದೆ.

ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವನು ಗಂಗರಾಜು. ಊರಿನಲ್ಲಿ ಅವನನ್ನು ಇಸ್ತ್ರಿ ರಾಜು ಎನ್ನುತ್ತಾರೆ. ಬೆಳಿಗ್ಗೆಯೆಲ್ಲ ತಳ್ಳುಗಾಡಿಯಲ್ಲಿ ಇದ್ದಿಲಿನ ಪೆಟ್ಟಿಗೆಯಿಂದ ಬಟ್ಟೆ ಇಸ್ತ್ರಿ ಮಾಡುವುದು, ಮಧ್ಯಾಹ್ನ ಊಟವಾದ ಮೇಲೆ ಅಕ್ಕನೊಂದಿಗೆ ಕೆರೆಗೆ ಬರುವುದು. ಮದುವೆಯಾಗದ ಅವನಿಗೆ ಅಕ್ಕನೇ ಮನೆ. ಅಕ್ಕ ಚನ್ನಾಜಮ್ಮ, ಗಂಡ ತೀರಿಕೊಂಡವಳು, ಐವತ್ತು ದಾಟಿದವಳು. ಬೆಸ್ತರ ಮನೆಯ ಮಕ್ಕಳು ಇಬ್ಬರೂ. ನೀರು ನೋಡಿಯೇ ಮೀನು ಎಲ್ಲಿದೆ ಎಂದು ಹೇಳುತ್ತಿದ್ದರು.

ನಾಲ್ಕನೇ ಭಾನುವಾರ ಗಂಗರಾಜು ತಾನು ಹಿಡಿದ ಒಂದು ದಪ್ಪ ಕಾಟ್ಲಾ ಮೀನನ್ನು ಎಲೆಯಲ್ಲಿ ಸುತ್ತಿ ಡಾಕ್ಟರಿಗೆ ಕೊಟ್ಟ. ಡಾಕ್ಟರು ಅದನ್ನು ನೋಡಿದರು, ನನ್ನನ್ನೊಮ್ಮೆ ನೋಡಿದರು.

“ತಗೊಳಪ್ಪ ರಾಜು, ಇದು ನಿನ್ನ ಕೈಯಲ್ಲೇ ಇರಲಿ. ಮಡಚೋವಾಗ ಮರಳು ಸೇರದ ಹಾಗೆ ನೋಡ್ಕೋ,” ಎಂದು ನನ್ನನ್ನು ದಾನ ಮಾಡಿಬಿಟ್ಟರು. ಮರಳಿನ ವಿಷಯ ಹೇಳಿದರು. ಬೇರೇನೂ ಹೇಳಲಿಲ್ಲ.

ಒಂದು ಮೀನಿಗೆ ಮಾರಾಟವಾದೆನಲ್ಲ ಎಂದು ನಾನು ದಂಗಾದೆ. ಆದರೆ ಆ ದುಃಖ ಸಂಜೆಯವರೆಗೂ ಉಳಿಯಲಿಲ್ಲ. ಗಂಗರಾಜು ನನ್ನ ಗೆಣ್ಣುಗಳನ್ನು ಒಂದೊಂದಾಗಿ ಎಳೆಯುತ್ತ, ಪ್ರತಿ ಗೆಣ್ಣಿಗೂ ಹೋ ಎಂದು ಕೂಗಿದ.

“ಅಕ್ಕ, ನೋಡಿಲ್ಲಿ! ಹೊಟ್ಟೆ ಒಳ್ಗೇ ಮರಿ ಮಡಿಕ್ಕಂಡದೆ ಇದು!”

“ಏನ್ಲಾ ಅದು, ಬಟ್ಟೆ ಹೋದ್ ಕೊಡೆ ಇದ್ದಂಗದೆ,” ಎಂದಳು ಚನ್ನಾಜಮ್ಮ. “ನಂಗೆ ನನ್ ಬಿದ್ರೇ ಸಾಕು ಕಣಪ್ಪ. ನಮ್ಮಪ್ಪ ಹಿಡ್ದಿದ್ದು.”

ಅವಳ ಬಿದಿರಿನ ಕೋಲು ಹನ್ನೊಂದು ಅಡಿ, ಅರಿಶಿನದ ಬಣ್ಣ, ನಡುವೆ ಒಂದು ಡೊಂಕು. ಅದನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ.

ಗಂಗರಾಜುವಿನ ಕೈಯಲ್ಲಿ ನಾನು ಏನಾಗಿದ್ದೆ ಎಂದು ಹೇಗೆ ಹೇಳಲಿ! ಇಸ್ತ್ರಿ ಪೆಟ್ಟಿಗೆ ಹಿಡಿದು ಜಡ್ಡುಗಟ್ಟಿದ ಆ ಅಂಗೈಗೆ ಬೆಂಡಿನ ಸಣ್ಣ ನಡುಕವೂ ತಿಳಿಯುತ್ತಿತ್ತು. ಜಿಲೇಬಿ ಮೀನು ಮುಟ್ಟಿದರೆ ಒಂದು ಬಗೆ, ಗೆಂಡೆ ಮುಟ್ಟಿದರೆ ಇನ್ನೊಂದು ಬಗೆ. ಮಣಿಕಟ್ಟನ್ನು ಒಂದು ಚೂರು ತಿರುಗಿಸುತ್ತಿದ್ದ, ಮೀನು ಹುಲ್ಲಿನ ಮೇಲಿರುತ್ತಿತ್ತು. ಮೊದಲ ವಾರವೇ ಕೈ ಬೆವತು ಜಾರುತ್ತದೆಂದು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ನನ್ನ ಬುಡಕ್ಕೆ ಸುತ್ತಿದ. ನನ್ನ ಪದಕ ಒಳಗೆ ಮುಚ್ಚಿಹೋಯಿತು. ಅದೊಂದು ವಿಷಯಕ್ಕೆ ನನಗೆ ಅವನ ಮೇಲೆ ಮುನಿಸಿತ್ತು. ಈಗ ಆ ಮುನಿಸನ್ನು ನೆನೆದರೆ ಮೈಯೆಲ್ಲ ತಣ್ಣಗಾಗುತ್ತದೆ.

ಬಿಳಿಗಲ್ಲುಕೆರೆಯವರಿಗೆ ಒಂದು ಕಟ್ಟುಪಾಡಿದೆ. ಗಾಳ ಹಾಕಲು ನಿಂತ ಮೇಲೆ ಮನೆಗೆ ಹೊರಡುವ ತನಕ ಕೋಲನ್ನು ನೆಲಕ್ಕೆ ಮಲಗಿಸುವಂತಿಲ್ಲ. ಒಂದು ಜಾಗದಲ್ಲಿ ಮೀನು ಕಚ್ಚದೆ ಇನ್ನೊಂದು ಜಾಗಕ್ಕೆ ಹೋಗುವಾಗ ಕೋಲನ್ನು ಸೊಂಟಕ್ಕೆ ಆನಿಸಿ, ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿಕೊಂಡು ಏರಿಯ ಮೇಲೆ ನಡೆಯಬೇಕು. ಮಲಗಿಸಿದರೆ ಕೆರೆ ಮುನಿಯುತ್ತದೆ, ಅವತ್ತಿನ ಮೀನು ಅಲ್ಲಿಗೇ ಮುಗಿಯಿತು ಎನ್ನುತ್ತಾರೆ. ಏರಿಯ ನಡುವೆ ಒಂದು ಹೊಂಗೆಮರ, ಅದರ ಪಕ್ಕದಲ್ಲಿ ಏರಿಯನ್ನು ಅಡ್ಡ ದಾಟುವ ಕರೆಂಟಿನ ತಂತಿ. ಚನ್ನಾಜಮ್ಮನ ಅಪ್ಪನ ಕಾಲದಿಂದಲೂ ಜನ ಬಿದಿರಿನ ಕೋಲು ಎತ್ತಿ ಹಿಡಿದೇ ಅದರ ಕೆಳಗೆ ದಾಟಿದ್ದಾರೆ. ಬಿದಿರು ತಂತಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಹಾಗಾಗಿ ತಂತಿ ಎಂಬುದೊಂದು ಇದೆ ಎಂದೇ ಯಾರ ತಲೆಗೂ ಬಂದಿರಲಿಲ್ಲ.

ಗಂಗರಾಜು ಸಾಮಾನ್ಯವಾಗಿ ನನ್ನ ಐದು ಗೆಣ್ಣುಗಳನ್ನಷ್ಟೇ ಎಳೆಯುತ್ತಿದ್ದ. ಕೆರೆಯ ಈ ದಂಡೆಗೆ ಅಷ್ಟು ಸಾಕು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಎಂಟು ಗೆಣ್ಣಿನವನಾಗಿ ಹುಟ್ಟಿ ಐದರಲ್ಲೇ ಬದುಕುವುದೇ? ಒಮ್ಮೆ ಮಾತ್ರ ಆರು ಎಳೆದಿದ್ದ. ಹಾಗೇ ಎತ್ತಿಕೊಂಡು ತಂತಿಯ ಕೆಳಗೆ ದಾಟುವಾಗ ನನ್ನ ತುದಿ ಜುಮ್ ಎಂದಿತು, ಸಣ್ಣಗೆ ಗುಂಯ್‌ಗುಟ್ಟಿತು.

“ಅಕ್ಕ, ಕೋಲು ಹಾಡ್ತದೆ ಕಣಕ್ಕ!” ಎಂದ ಗಂಗರಾಜು, ಕಿವಿಗೊಟ್ಟು.

“ಗಂಗವ್ವ ಒಲ್ದವ್ಳೆ ಕಣ್ಲಾ ನಿಂಗೆ,” ಎಂದಳು ಚನ್ನಾಜಮ್ಮ. ಅವನು ನನ್ನನ್ನು ಕಣ್ಣಿಗೊತ್ತಿಕೊಂಡ. ನಾನು ದೇವರೇ ಆದೆ ಅಂದುಕೊಂಡೆ. ಆ ಮೂರ್ಖತನವನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಆಮೇಲೆ ಬಂತು ಆ ಶುಕ್ರವಾರ. ಬೆಳಿಗ್ಗೆ ಹನಿ ಬಿದ್ದು ನಿಂತಿತ್ತು. ಮೂಡಲ ಕಡೆ ಮೋಡ ಕಟ್ಟಿ ದೂರದಲ್ಲಿ ಗುಡುಗುತ್ತಿತ್ತು. ತಾವರೆ ಎಲೆಗಳ ಆಚೆ ಒಂದು ದೊಡ್ಡ ಮೀನು ಎರಡು ಸಲ ಬಾಲ ಬಡಿಯಿತು. ಐದು ಗೆಣ್ಣಿಗೆ ಅದು ಎಟುಕುವಂತಿರಲಿಲ್ಲ. ಗಂಗರಾಜು ಆರನೆಯದನ್ನು ಎಳೆದ. ಏಳನೆಯದನ್ನು ಎಳೆದ. ಬುಡದವರೆಗೂ ಬಿಡು, ಎಂಟೂ ಬಿಡು ಎಂದು ನಾನು ಮನಸ್ಸಿನಲ್ಲೇ ಅವನನ್ನು ಹುರಿದುಂಬಿಸುತ್ತಿದ್ದೆ. ಬಿಟ್ಟ. ಹುಟ್ಟಿದಾಗಿನಿಂದ ಮೊದಲ ಸಲ ನಾನು ನಾನಾದೆ. ಇಪ್ಪತ್ತನಾಲ್ಕು ಅಡಿ!

ಮೀನು ಕಚ್ಚಲಿಲ್ಲ. ಅದು ಹೊಂಗೆಮರದ ಆಚೆ ಕಡೆಗೆ ಸರಿದದ್ದನ್ನು ಅವನು ನೋಡಿದ. ಮೊಣಕಾಲುದ್ದ ನೀರಿನಿಂದ ಬರಿಗಾಲಲ್ಲಿ ಏರಿ ಹತ್ತಿದ. ಲುಂಗಿಯಿಂದ ನೀರು ಸೋರುತ್ತಿತ್ತು. ಕಟ್ಟುಪಾಡಿನಂತೆ ನನ್ನ ಬುಡವನ್ನು ಸೊಂಟಕ್ಕಾನಿಸಿ ನೆಟ್ಟಗೆ ಎತ್ತಿ ಹಿಡಿದ. ಇಪ್ಪತ್ತು ಹೆಜ್ಜೆ ಹಿಂದೆ ಚನ್ನಾಜಮ್ಮ, ಒಂದು ಕೈಯಲ್ಲಿ ಬಿದಿರು, ಒಂದು ಕೈಯಲ್ಲಿ ಮೀನಿನ ಬುಟ್ಟಿ.

“ಮೆಲ್ಲುಕ್ ಹೋಗ್ಲಾ, ಮೀನೇನ್ ಊರ್ ಬಿಟ್ಟೋಗಲ್ಲ!” ಎಂದು ಕೂಗಿದಳು.

“ಇವತ್ತು ಮೀನ್ ತಲೆ ಸಾರು ನಿಂಗೆ ಕಣಕ್ಕ, ನೋಡ್ತಿರು!” ಎಂದ ಅವನು, ತಿರುಗದೆ.

ಅದೇ ಕೊನೆಯ ಮಾತು.

ನನ್ನ ತುದಿ ತಂತಿಯನ್ನು ಮುಟ್ಟಲೂ ಇಲ್ಲ. ಗೇಣು ದೂರವಿದ್ದಾಗಲೇ ಅದು ನನ್ನ ಮೇಲೆ ಹಾರಿತು. ಒಂದು ಬೆಳ್ಳನೆ ಬೆಳಕು, ಒಂದು ಸಿಡಿತ. ಕಾರ್ಖಾನೆಯ ಒಲೆಗಿಂತ ಸಾವಿರ ಪಾಲು ಬಿಸಿಯಾದದ್ದೇನೋ ನನ್ನ ಎಂಟು ಗೆಣ್ಣನ್ನೂ ಒಂದೇ ಕ್ಷಣದಲ್ಲಿ ಹಾದುಹೋಯಿತು. ನಾನು ತಡೆಯಲಿಲ್ಲ. ತಡೆಯಲು ನನಗೆ ಬರಲೇ ಇಲ್ಲ. ಬಿದಿರಿನಂತೆ ಸುಮ್ಮನೆ ನಿಲ್ಲುವ ಗುಣ ನನ್ನ ಮೈಯಲ್ಲಿ ಇರಲಿಲ್ಲ. ಅದಕ್ಕೆ ದಾರಿ ಬಿಟ್ಟೆ. ಬುಡದ ಒದ್ದೆ ಟ್ಯೂಬಿನ ಪಟ್ಟಿಯೂ ಅದಕ್ಕೆ ಅಡ್ಡವಾಗಲಿಲ್ಲ. ದಾರಿಯ ಕೊನೆಯಲ್ಲಿ ಗಂಗರಾಜುವಿನ ಅಂಗೈ ಇತ್ತು.

ಅವನು ಬಿದ್ದ. ಕೂಗಲೂ ಇಲ್ಲ. ನಾನು ಅವನ ಪಕ್ಕದಲ್ಲೇ ಬಿದ್ದೆ, ತುದಿಯ ಎರಡು ಗೆಣ್ಣು ಸೀಳಿ ಹೊಗೆಯಾಡುತ್ತಿದ್ದವು. ಚನ್ನಾಜಮ್ಮ ಬುಟ್ಟಿ ಬಿಸಾಡಿ ಓಡಿ ಬಂದಳು. ಚೆಲ್ಲಿದ ಜಿಲೇಬಿ ಮೀನುಗಳು ಏರಿಯ ಮೇಲೆ ಪಟಪಟ ಒದ್ದಾಡುತ್ತಿದ್ದವು, ಅವನು ಮಾತ್ರ ಅಲುಗಲಿಲ್ಲ. “ರಾಜೂ, ರಾಜೂ, ಏಳ್ಲಾ,” ಎಂದು ಅವನ ಕೆನ್ನೆ ತಟ್ಟುತ್ತಲೇ ಇದ್ದಳು. ನಾನು ನಂಬಲಿಲ್ಲ. ಈಗ ಎದ್ದು ನನ್ನನ್ನು ಎತ್ತಿಕೊಳ್ಳುತ್ತಾನೆ, ಮರಳು ಒರೆಸುತ್ತಾನೆ ಎಂದು ಕಾದೆ. ಗೂಡ್ಸ್ ಆಟೋ ಬಂದು ಅವನನ್ನು ಹೊತ್ತುಕೊಂಡು ಹೋದ ಮೇಲೂ ಕಾದೆ.

ಊರು ಏನು ಹೇಳಿತು ಗೊತ್ತೇ? ಸಿಡಿಲು. ಮೋಡ ಇತ್ತು, ಗುಡುಗು ಇತ್ತು, ಬೆಳಕು ಹೊಡೆದದ್ದನ್ನು ಅಕ್ಕನೇ ಕಣ್ಣಾರೆ ಕಂಡಿದ್ದಳು. ಕಾಗದಪತ್ರದಲ್ಲಿ ಏನು ಬರೆದರೋ ನನಗೆ ತಿಳಿಯದು. ಊರಿನ ಬಾಯಲ್ಲಿ ಮಾತ್ರ ಸಿಡಿಲೇ. “ನಲವತ್ತು ವರ್ಸದಿಂದ ಕೋಲು ಎತ್ಕಂಡೇ ದಾಟಿವ್ನಿ, ತಂತಿ ಏನ್ಮಾಡ್ತು ನಂಗೆ?” ಎಂದು ಒಬ್ಬ ಮುದುಕ ಹೊಂಗೆಮರದ ಕೆಳಗೆ ವಾದಿಸಿದ. ಎಲ್ಲರೂ ತಲೆದೂಗಿದರು. ನನ್ನ ಕಡೆ ಒಬ್ಬರೂ ಬೆರಳು ತೋರಿಸಲಿಲ್ಲ. ನಾನೇ, ನಾನೇ ಎಂದು ಕೂಗಬೇಕೆನಿಸಿತು. ಕೋಲಿಗೆ ಬಾಯೆಲ್ಲಿ?

ನನ್ನನ್ನು ಅವನ ಇಸ್ತ್ರಿ ಗಾಡಿಯ ಮೇಲೆ ಇಟ್ಟರು. ತಣ್ಣಗಾದ ಇದ್ದಿಲು ಪೆಟ್ಟಿಗೆಯ ಪಕ್ಕದಲ್ಲಿ ನಾನು ಒಂಬತ್ತು ದಿನ ಬಿದ್ದಿದ್ದೆ.

ಹತ್ತನೆಯ ದಿನ ಚನ್ನಾಜಮ್ಮ ಬಂದು ನನ್ನನ್ನು ಎತ್ತಿಕೊಂಡಳು. ಮಾರನೆಯ ದಿನ ಹನ್ನೊಂದರ ಕಾರ್ಯ. ಸತ್ತವನಿಗೆ ಪ್ರೀತಿಯಾದದ್ದನ್ನು ಎಡೆ ಇಡಬೇಕು. ಅವನಿಗೆ ಮೀನಿನ ಸಾರು ಬಿಟ್ಟರೆ ಬೇರೇನು ಪ್ರೀತಿ?

“ಅವ್ನ್ ಕೋಲಲ್ಲೇ ಹಿಡ್ದು ಅವ್ನಿಗೆ ಎಡೆ ಇಡ್ತೀನಿ,” ಎಂದು ಅಕ್ಕಪಕ್ಕದವರಿಗೆ ಹೇಳಿದಳು. ಸುಟ್ಟ ಎರಡು ಗೆಣ್ಣುಗಳನ್ನು ಕಿತ್ತು ಹಾಕಿ, ಉಳಿದ ಆರರ ತುದಿಗೆ ದಾರ ಕಟ್ಟಿದಳು. ಅವನು ಹಿಡಿಯುತ್ತಿದ್ದ ಟ್ಯೂಬಿನ ಪಟ್ಟಿಯನ್ನು ಸೆರಗಿನಿಂದ ಒರೆಸಿ ಅಲ್ಲೇ ತನ್ನ ಕೈ ಇಟ್ಟಳು. ಅವಳ ಕೈ ಅವನ ಕೈಗಿಂತ ಚಿಕ್ಕದು, ಹಿಡಿತ ಮಾತ್ರ ಅದೇ.

ಕೆರೆಯ ಈ ದಂಡೆಯಲ್ಲಿ ನೀರಿಗೆ ಕಾಲು ಬಿಟ್ಟು ಸ್ವಲ್ಪ ಹೊತ್ತು ಕೂತಳು. ಏನೂ ಕಚ್ಚಲಿಲ್ಲ. ಎದ್ದಳು. ಆರು ಗೆಣ್ಣನ್ನೂ ಬಿಗಿ ಮಾಡಿ, ನನ್ನನ್ನು ಸೊಂಟಕ್ಕಾನಿಸಿ, ನೆಟ್ಟಗೆ ಎತ್ತಿಕೊಂಡು ಏರಿಯ ಮೇಲೆ ಹೊಂಗೆಮರದ ಕಡೆಗೆ ನಡೆಯತೊಡಗಿದಳು. ಬರಿಗಾಲು. ಒದ್ದೆ ಸೀರೆ.

ನನಗೆ ಆ ಹೊತ್ತಿಗೆ ಹುಟ್ಟಿದ ಭಯ ನನ್ನ ಶತ್ರುವಿಗೂ ಬೇಡ. ತಂತಿ ಹತ್ತಿರ ಬರುತ್ತಿತ್ತು. ಇಪ್ಪತ್ತು ಹೆಜ್ಜೆ. ಹದಿನೈದು. ನನ್ನ ತುದಿ ಆಗಲೇ ಜುಮ್ ಎನ್ನುತ್ತಿತ್ತು. ಅಂದು ಹಾಡು ಎಂದುಕೊಂಡದ್ದು ಏನೆಂದು ಈಗ ನನಗೆ ಗೊತ್ತಿತ್ತು. ಅಂದು ಇದೇ ಆರು ಗೆಣ್ಣಿಗೆ ಕೂದಲೆಳೆಯಲ್ಲಿ ತಪ್ಪಿತ್ತು, ಇನ್ನೊಮ್ಮೆ ತಪ್ಪುತ್ತದೆಂದು ಹೇಳುವವರು ಯಾರು? ಅಕ್ಕ, ನಿಲ್ಲು ಎಂದೆ. ಯಾರಿಗೂ ಕೇಳಲಿಲ್ಲ. ಹತ್ತು ಹೆಜ್ಜೆ. ಹುಟ್ಟಿದಾಗಿನಿಂದ ಉದ್ದ ನಿಲ್ಲುವುದೊಂದನ್ನೇ ಕಲಿತವನು ನಾನು. ಆವತ್ತು ಕುಗ್ಗಿದೆ. ಆರನೆಯದು ಐದರೊಳಗೆ, ಐದು ನಾಲ್ಕರೊಳಗೆ ಜಾರಿತು, ಚಟಚಟನೆ ಎಲ್ಲವೂ ಒಳಗೆ ಕುಸಿದು ಅವಳ ಹೆಬ್ಬೆರಳನ್ನು ಕಚ್ಚಿದವು.

“ಅಯ್ಯಪ್ಪೋ!” ಎಂದು ಕೈ ಒದರಿದಳು. ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಳು. ಆಮೇಲೆ ಮತ್ತೆ ಒಂದೊಂದೇ ಗೆಣ್ಣು ಎಳೆದು, ಹಲ್ಲು ಕಚ್ಚಿ ತಿರುಚಿ ಬಿಗಿ ಮಾಡಿದಳು. ಮತ್ತೆ ಎತ್ತಿದಳು. ಮೂರು ಹೆಜ್ಜೆ ಇಟ್ಟಳು. ಮತ್ತೆ ಕುಸಿದೆ.

ಸುಟ್ಟ ಬಿಸಿಗೆ ನನ್ನ ಸಂದುಗಳು ಸಡಿಲವಾಗಿದ್ದವೋ, ಅಥವಾ ನಾನೇ ಕುಸಿದೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ನಾನೇ ಎಂದು ನಂಬಿಕೊಳ್ಳುತ್ತೇನೆ. ನಂಬದಿದ್ದರೆ ಬದುಕುವುದು ಕಷ್ಟ.

ಚನ್ನಾಜಮ್ಮ ಏರಿಯ ಮೇಲೆ ಕೂತು ಗೊಳೋ ಎಂದು ಅತ್ತಳು. “ಅವ್ನ್ ಕೈಲಿ ಕುಣೀತಿದ್ದೆ, ನನ್ ಕೈಲಿ ನಿಲ್ಲಕ್ಕಾಗಲ್ವಾ ನಿಂಗೆ? ಒಂದ್ ಮೀನು ಕೊಡಕ್ಕಾಗಲ್ವಾ ಅವ್ನ್ ಎಡೆಗೆ? ಥೂ ನಿನ್ನ!” ಎಂದು ನನ್ನನ್ನು ನೆಲಕ್ಕೆ ಕುಕ್ಕಿದಳು. ಮನೆಗೆ ಹೋಗಿ ಅಪ್ಪನ ಬಿದಿರು ತಂದು ಎರಡು ಗೆಂಡೆ ಹಿಡಿದಳು. ನಾನು ಅಟ್ಟ ಸೇರಿದೆ. ಇಷ್ಟು ಸಂತೋಷದಿಂದ ಯಾರೂ ಬೈಗುಳ ಕೇಳಿರಲಾರರು.

ಅಟ್ಟದಲ್ಲಿ ಐದು ತಿಂಗಳು. ಒಂದು ಬೆಳಿಗ್ಗೆ ಅವಳ ಮೀನಿನ ಬುಟ್ಟಿಯ ಮುಚ್ಚಳ ಕಿತ್ತುಹೋಯಿತು. ಕಟ್ಟಲು ರಬ್ಬರ್ ಬೇಕಿತ್ತು. ನನ್ನನ್ನು ಇಳಿಸಿ, ಬುಡಕ್ಕೆ ಸುತ್ತಿದ್ದ ಟ್ಯೂಬನ್ನು ಸುರುಳಿ ಸುರುಳಿಯಾಗಿ ಬಿಚ್ಚಿದಳು. ಒಳಗೆ ನನ್ನ ಹಳದಿ ಚೀಟಿ ಹೊಸದರ ಹಾಗೇ ಇತ್ತು.

ಅವಳಿಗೂ ಓದು ಬರದು. ಆದರೆ ಆ ಚಿತ್ರಕ್ಕೆ ಓದು ಬೇಕಿರಲಿಲ್ಲ. ಒಬ್ಬ ಮನುಷ್ಯ. ಅವನ ಕೈಯಲ್ಲಿ ಉದ್ದನೆಯ ಕೋಲು. ಮೇಲೆ ತಂತಿ. ನಡುವೆ ಮಿಂಚು. ಅವಳ ಕೈ ಹಾಗೇ ನಿಂತುಬಿಟ್ಟಿತು. ಚಿತ್ರ ನೋಡಿದಳು, ಬಾಗಿಲಾಚೆ ಕೆರೆಯ ಏರಿ ನೋಡಿದಳು, ಮತ್ತೆ ಚಿತ್ರ ನೋಡಿದಳು. ಆಮೇಲೆ ಗಾಯ ಮಾಗಿದ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

“ಅವ್ನ್ ಅಂಗೈ ಕೆಳಗೇ ಇತ್ತಲ್ಲೋ ಶಿವನೇ,” ಎಂದಳು. “ದಿನಾ ಅವ್ನ್ ಅಂಗೈ ಕೆಳಗೇ ಇತ್ತಲ್ಲೋ.”

ಆ ಹೊತ್ತಿಗೆ ನನಗೂ ತಿಳಿಯಿತು. ಪದಕವಂತೆ! ನನ್ನ ಮೈಮೇಲೇ ಅವನ ಸಾವಿನ ಚಿತ್ರ ಹೊತ್ತುಕೊಂಡು, ಅದನ್ನೇ ಮೆರೆಸಿಕೊಂಡು ತಿರುಗಿದ್ದೆ. ಅವನು ಅದನ್ನು ಮುಚ್ಚಿದನೆಂದು ಮುನಿಸಿಕೊಂಡಿದ್ದೆ. ಸಿಡಿದ ದಿನಕ್ಕಿಂತಲೂ ಆ ಬೆಳಿಗ್ಗೆಯ ಆಘಾತವೇ ನನಗೆ ದೊಡ್ಡದು.

ಅದೇ ದಿನ ಅವಳು ನನ್ನನ್ನು ಹೊಂಗೆಮರಕ್ಕೆ ಕಟ್ಟಿದಳು. ಮಡಚಿದ ಹಾಗೇ, ಅದೇ ಟ್ಯೂಬಿನಿಂದ, ಚಿತ್ರ ದಾರಿಯ ಕಡೆಗೆ ಕಾಣುವಂತೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಂದ ಅಕ್ಷರಗಳನ್ನು ಓದಿಸಿ ಬಾಯಿಪಾಠ ಮಾಡಿಕೊಂಡಳು. ಈಗೀಗ ಕೆರೆಗೆ ನನ್ನಂಥ ಕೋಲುಗಳು ಹತ್ತಾರು ಬರುತ್ತವೆ. ಮಧ್ಯಾಹ್ನವೆಲ್ಲ ಅವಳು ಮರದ ಹತ್ತಿರವೇ ಬಿದಿರು ಹಿಡಿದು ಕೂರುತ್ತಾಳೆ. ಯಾರಾದರೂ ಕೋಲು ಎತ್ತಿಕೊಂಡು ಬಂದರೆ, “ಕೋಲು ಇಳ್ಸಿ! ಮಡಿಚ್ಕಂಡ್ ದಾಟಿ!” ಎಂದು ಗದರುತ್ತಾಳೆ. ಕೋಲು ನೆಲ ಕಂಡರೆ ಕೆರೆ ಮುನಿಯುತ್ತದೆ ಎಂದು ಊರಿನ ಹಿರಿಯರು ಮೊದಮೊದಲು ಗೊಣಗಿದರು. “ಮುನೀಲಿ. ನನ್ ತಮ್ಮನ್ನ ನುಂಗಿ ಆಯ್ತಲ್ಲ, ಇನ್ನೇನ್ ಮುನಿಯದು,” ಎಂದಳು. ಈಗ ಅವರೂ ಕೋಲು ಇಳಿಸಿಯೇ ದಾಟುತ್ತಾರೆ.

ಮೂರು ವರ್ಷವಾಯಿತು. ಹೋದ ಭಾನುವಾರ ಒಬ್ಬರು ಬಂದರು. ತಲೆ ನರೆತಿತ್ತು, ಕೈಯಲ್ಲಿ ಹೊಸ ಕೋಲು, ನನಗಿಂತ ಉದ್ದ, ಪೂರ್ತಿ ಬಿಚ್ಚಿತ್ತು. ಆ ಕನ್ನಡಕವನ್ನು ನಾನು ತಕ್ಷಣ ಗುರುತಿಸಿದೆ. ಹಲ್ಲಿನ ಡಾಕ್ಟರು.

“ಸ್ವಾಮಿ, ಕೋಲು ಇಳ್ಸಿ,” ಎಂದಳು ಚನ್ನಾಜಮ್ಮ.

“ಯಾಕಮ್ಮ?”

“ಇಲ್ಲಿ ಬರ್ದದೆ. ಜೋರಾಗಿ ಓದಿ.”

ಅವರು ಬಗ್ಗಿ ಓದಿದರು, ಕನ್ನಡದಲ್ಲಿ ಬಿಡಿಸಿ ಹೇಳಿದರು. “ಈ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಯ ಹತ್ತಿರ ಬಿಚ್ಚಬೇಡಿ. ಪ್ರಾಣಾಪಾಯ.” ಓದುತ್ತ ಓದುತ್ತ ಅವರ ದನಿ ನಿಧಾನವಾಯಿತು. ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. “ಇದು ನನ್ನ ಕೋಲಲ್ವಾ? ಇಸ್ತ್ರಿ ರಾಜುಗೆ ಕೊಟ್ಟಿದ್ದೆ. ಅವನೆಲ್ಲಿ ಈಗ?”

ಚನ್ನಾಜಮ್ಮ ಅವರ ಕಾಲಿನ ಕೆಳಗಿನ ನೆಲ ತೋರಿಸಿದಳು. “ನೀವ್ ನಿಂತಿರೋ ತಾವ ಬಿದ್ದ.”

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

“ನೀವ್ ಕೊಟ್ಟ್ ದಿನಾನೂ ಇದು ಬರ್ದಿತ್ತಾ ಸ್ವಾಮಿ?”

“ಇತ್ತು.”

“ಓದಿದ್ರಾ?”

ಅವರು ಕನ್ನಡಕ ತೆಗೆದರು. “ಓದಿದ್ದೆ,” ಎಂದರು.

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಮರಕ್ಕೆ ಒತ್ತಿಕೊಂಡೆ. ಅವಳು ಬೈಯಲಿಲ್ಲ. ಡಾಕ್ಟರು ಕೋಲು ಮಡಚಲು ಹೋದರು. ಬಿಗಿದುಕೊಂಡಿದ್ದ ಒಂದು ಗೆಣ್ಣೂ ಒಳಗೆ ಹೋಗಲಿಲ್ಲ. ಚನ್ನಾಜಮ್ಮ ಎದ್ದು ಬಂದು ಅವರ ಕೈಯಿಂದ ಕೋಲನ್ನು ತೆಗೆದುಕೊಂಡಳು. ನಿಧಾನವಾಗಿ ನೆಲಕ್ಕೆ ಮಲಗಿಸಿ, ತುದಿಯಿಂದ ಒಂದೊಂದೇ ಗೆಣ್ಣನ್ನು ಒಳಗೆ ತಳ್ಳಿದಳು. ಪೂರ್ತಿ ಮಡಚಿ ಅವರ ಕೈಗೆ ಕೊಟ್ಟಳು.

“ಯಾರ್ಗಾರ ಕೊಡೋವಾಗ ಓದಿ ಹೇಳಿ ಸ್ವಾಮಿ,” ಎಂದಳು. “ನಮ್ಗೆ ಓದಕ್ ಬರಲ್ಲ.”

ನನಗೂ ಬರಲ್ಲ. ಬಂದಿದ್ದರೆ ಆ ಶುಕ್ರವಾರ ನಾನು ಎಂಟು ಗೆಣ್ಣು ಬೇಡುತ್ತಿರಲಿಲ್ಲ.